ಅರಬ್ಬಿ ಹೋಟೆಲಿನ ತಾಟು, ಬುವ್ವದ ತಾಟು

ಸಿಂಧನೂರಿನಲ್ಲಿ ಅರಬ್ಬಿ ಹೋಟೆಲ್ ಒಂದು ಶುರುವಾಗಿದೆ ಎಂದು ತಂಗಿ ಫೋನಿನಲ್ಲಿ ಹೇಳಿದಳು.

"ಗಾದಿ ಮ್ಯಾಲ ಕುಂದ್ರಸ್ತಾರಕ್ಕ. ಮೇಜು ಕುರ್ಚಿ ಏನೂ ಇಲ್ಲ. ಸುತ್ತಲೂ ಪರದಾ. ಪರಾತದಷ್ಟು ದೊಡ್ಡ ತಾಟಿನ್ಯಾಗ ಎಲ್ಲಾರ್ದೂ ಒಮ್ಮೆ ತಂದು ನಡುವ ಇಡ್ತಾರ. ನಾವಿಬ್ರೂ ಹೋಗಿದ್ವಿ."

ನಾವಿಬ್ಬರು ಅಂದರೆ ಅವಳು ಮತ್ತು ಅವಳ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ. ನಾನು ಹೋಟೆಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಮಸ್ಕಿಗೆ ಯಾವಾಗ ಬರ್ತಿ?" ಎಂದೆ.

"ಬರ್ತೀನಿ ತಗೋ" ಎಂದಳು. ಈಚೆಗೆ ಅವಳ ಉತ್ತರ ಯಾವಾಗಲೂ ಇದೇ.

ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ತಂಗಿಯನ್ನು ಕೊಟ್ಟದ್ದು ಸಿಂಧನೂರಿಗೆ. ಎರಡರ ನಡುವೆ ಮಸ್ಕಿ, ಅಲ್ಲಿ ಅವ್ವನ ಮನೆ. ವರ್ಷಗಟ್ಟಲೆ ಭಾನುವಾರ ಅವಳು ಆ ಕಡೆಯ ಬಸ್ಸು ಹತ್ತುತ್ತಿದ್ದಳು, ನಾನು ಈ ಕಡೆಯದು. ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಯಾರು ಮೊದಲು ಇಳಿದರೂ ಇನ್ನೊಬ್ಬರಿಗಾಗಿ ಕಾದು, ಜೊತೆಗೇ ಅವ್ವನ ಮನೆಗೆ ನಡೆಯುತ್ತಿದ್ದೆವು. ನಾನು ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆ ಇದೆ ಎಂದು ಜನ ಅಂದುಕೊಳ್ಳುತ್ತಾರೆ, ಏನೂ ಇಲ್ಲ. ಬಂದ ಗಂಡುಗಳು ಒಪ್ಪಲಿಲ್ಲ, ಆಮೇಲೆ ಬರುವುದು ನಿಂತಿತು. ನನಗೆ ಇದ್ದದ್ದು ಶಾಲೆ ಮತ್ತು ಭಾನುವಾರ.

ನೆಗೆಣ್ಣಿ ಕ್ಯಾಂಪಿನ ಹುಡುಗಿ. ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆಯಲು ನಿಂತವರ ಊರುಗಳಿಗೆ ಸಿಂಧನೂರು ಸೀಮೆಯಲ್ಲಿ ಕ್ಯಾಂಪು ಎನ್ನುತ್ತಾರೆ. ತಂಗಿಯ ಮೈದುನ ಕಾಲೇಜಿನಲ್ಲಿ ಅವಳನ್ನು ನೋಡಿ, ಮನೆಯಲ್ಲಿ ಜಗಳ ಮಾಡಿ ತಂದುಕೊಂಡ. ಆಕೆ ತಂಗಿಯನ್ನು "ಅಕ್ಕಾ" ಎಂದು ಕರೆಯುತ್ತಾಳೆ. ಕರೆಯಬೇಕಾದ್ದೇ. ಆದರೆ ನಾನು ಆ ಮನೆಯಲ್ಲಿದ್ದಾಗ ಅಡುಗೆಮನೆಯಿಂದ "ಅಕ್ಕಾ" ಎಂಬ ಕೂಗು ಬಂದರೆ ನಾನು ಅರ್ಧ ಏಳುತ್ತೇನೆ. ನನ್ನನ್ನಲ್ಲ ಎಂದು ಗೊತ್ತಾಗಿ ಮತ್ತೆ ಕೂಡುತ್ತೇನೆ.

ಆ ಫೋನಿನ ನಂತರ ನಾನು ಮಾಡಿದ್ದನ್ನು ಈಗ ಬರೆಯುವಾಗ ನಗು ಬರುತ್ತದೆ. ಆಗ ಬಂದಿರಲಿಲ್ಲ. ಲಿಂಗಸುಗೂರಿನ ಹೊರಗೆ ರಸ್ತೆ ಬದಿ ಒಂದು ಹಳ್ಳಿ ಹೋಟೆಲ್ ಇದೆ. ಸಿಮೆಂಟಿನ ಗೋಡೆಗೆ ಮಣ್ಣಿನ ಬಣ್ಣ ಹಚ್ಚಿ, ಮೇಲೆ ಬಿಳಿ ಚಿತ್ತಾರ ಬರೆದಿದ್ದಾರೆ. ಬಾಗಿಲಲ್ಲಿ ಒಂದು ಚಕ್ಕಡಿ, ಎತ್ತುಗಳು ಪ್ಲಾಸ್ಟರಿನವು. ಬಡಿಸುವವರ ತಲೆಗೆ ರುಮಾಲು. ಗೋಡೆಯಲ್ಲಿ ಮೊರ, ಒನಕೆ, ಕಂದೀಲು ತೂಗುಹಾಕಿದ್ದಾರೆ. ನನ್ನ ಸಹೋದ್ಯೋಗಿಗಳು ಅಲ್ಲಿ ಹುಟ್ಟುಹಬ್ಬ ಮಾಡುತ್ತಾರೆ. ನಾನು ತಂಗಿಯನ್ನು ಅಲ್ಲಿಗೆ ಊಟಕ್ಕೆ ಕರೆದೆ. ಅವಳಿಗೆ ಅರಬ್ಬಿ ತೋರಿಸಲು ಒಬ್ಬಳು ಸಿಕ್ಕರೆ, ಹಳ್ಳಿ ತೋರಿಸಲು ನಾನಿದ್ದೇನೆ ಎಂಬುದು ನನ್ನ ಲೆಕ್ಕಾಚಾರ.

ಅವಳು ಬಂದಳು, ಅದೇ ದೊಡ್ಡದು. ಕಂದೀಲಿನ ಕೆಳಗೆ ಕೂತೆವು. ರುಮಾಲಿನವನು ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ತಂದಿಟ್ಟ. ತಂಗಿ ಸುತ್ತಲೂ ನೋಡಿದಳು. ಮೊರ ನೋಡಿದಳು. ರೊಟ್ಟಿ ನೋಡಿದಳು.

"ಇದೇನಕ್ಕ, ನಮ್ಮ ಅಡಿಗಿಮನ್ಯಾಗ ಬಂದು ಕುಂತಂಗಾತಲ್ಲ?"

"ಛಲೋ ಇಲ್ಲೇನು?"

"ಛಲೋ ಐತಿ. ಆದ್ರ ಮುಂಜಾನೆ ಇದನ್ನ ಮಾಡಿ ಉಂಡು ಬಂದೀನಿ ನೋಡು" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ಅಷ್ಟಕ್ಕೆ ನಿಂತಿದ್ದರೆ ಆ ಊಟ ನನ್ನದಾಗುತ್ತಿತ್ತು. ಅವಳು ಫೋನು ತೆಗೆದು ನೆಗೆಣ್ಣಿಗೆ ವೀಡಿಯೊ ಕರೆ ಮಾಡಿದಳು. "ನೋಡಿಲ್ಲಿ, ರೊಟ್ಟಿ ತಿನ್ನಾಕ ಅಕ್ಕ ನನ್ನ ಇಷ್ಟು ದೂರ ಕರಸ್ಯಾಳ" ಎಂದು ಪ್ಲಾಸ್ಟರಿನ ಎತ್ತಿನ ಕಡೆ ಫೋನು ತಿರುಗಿಸಿದಳು. ಫೋನಿನ ಒಳಗಿಂದ ಆಕೆ ನಗುವುದು ಕೇಳಿಸಿತು. ಕೆಟ್ಟ ನಗುವಲ್ಲ. ಯಾರು ಕೇಳಿದರೂ ಅದು ಸಂತೋಷದ ನಗು ಅನ್ನುತ್ತಾರೆ. ನನಗೆ ಅದೇ ಸಹಿಸಲಾಗಲಿಲ್ಲ. ಆಕೆ ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಇಲ್ಲಿ ಒಂದು ಮಾತು ಸೇರಿಸಬೇಕು. ನಾನು ಇಷ್ಟು ಹೊತ್ತು ಬರೆದದ್ದರ ಅಡಿಯಲ್ಲಿ ಒಂದು ಚಿತ್ರ ಇದೆ: ನಾನು ಮತ್ತು ತಂಗಿ ಚಿಕ್ಕವರಿದ್ದಾಗ ಮಸ್ಕಿಯ ಮನೆಯ ಪಡಸಾಲೆಯಲ್ಲಿ ಎದುರು ಬದುರು ಕೂತು ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದೇವೆ. ಅವಳ ಕಡೆಯ ಅನ್ನ ಅವಳದು, ನನ್ನ ಕಡೆಯದು ನನ್ನದು, ನಡುವಿನ ಸಾರಿನ ಗುಂಡಿ ಇಬ್ಬರದು. ಈ ಚಿತ್ರವನ್ನು ನಾನು ಎಷ್ಟು ಸಲ ತೆಗೆದು ನೋಡಿದ್ದೇನೆ ಅಂದರೆ ಅದರ ಅಂಚುಗಳೆಲ್ಲ ನುಣುಪಾಗಿವೆ, ಹಾಗಾಗಿ ನನಗೆ ಅದರ ಮೇಲೆ ಅನುಮಾನ. ತಂಗಿಯನ್ನು ಕೇಳಿದೆ. "ನಂದು ಬ್ಯಾರೆ ತಾಟಿತ್ತಲ್ಲ, ಹೂವಿಂದು" ಎಂದಳು. ಅವ್ವನನ್ನು ಕೇಳಿದೆ. ಅವ್ವ ಹೊಲಿಗೆ ಮಷೀನಿನಿಂದ ತಲೆ ಎತ್ತದೆ ಹೇಳಿದಳು: "ಒಂದ್ರಾಗ ಹಾಕಿ ಕೊಡ್ತಿದ್ದೆ ಒಮ್ಮೊಮ್ಮೆ. ಎರಡೆರಡು ತಾಟು ಯಾರು ತಿಕ್ಕಬೇಕು?"

ಮುಂದೆ ಬರುವುದನ್ನು ಓದುವಾಗ ಈ ಉತ್ತರ ನೆನಪಿಡಿ. ನಾನು ಯಾವುದನ್ನು ಪ್ರೀತಿ ಎಂದು ಕಾಪಾಡಿಕೊಂಡು ಬಂದಿದ್ದೆನೋ ಅದು ಅವ್ವನ ಕೈಯ ಬೇಸರ ಇರಬಹುದು.

ಚಳಿಗಾಲದ ಹೊತ್ತಿಗೆ ತಂಗಿಯ ಮಗಳಿಗೆ ಸಂಬಂಧ ಕೂಡಿಬಂತು. ಹುಡುಗ ವಳಕಮದಿನ್ನಿಯ ಕಡೆಯವನು, ಪಶು ವೈದ್ಯ. ಆ ಖುಷಿಗೆ ಮನೆಯವರೆಲ್ಲ ಅರಬ್ಬಿ ಹೋಟೆಲಿಗೆ ಊಟಕ್ಕೆ ಹೋಗುವುದೆಂದು ನಿಶ್ಚಯವಾಯಿತು. ತಂಗಿ, ಅವಳ ಗಂಡ, ಮಗಳು, ಮೈದುನ, ನೆಗೆಣ್ಣಿ, ಮತ್ತು ಲಿಂಗಸುಗೂರಿನಿಂದ ಬಂದ ನಾನು.

ಹೋಟೆಲಿನ ಹೊರಗೆ ಭತ್ತದ ಚೀಲ ಹೇರಿದ ಲಾರಿಗಳು ನಿಂತಿದ್ದವು. ಒಳಗೆ ಮರುಭೂಮಿ. ಗೋಡೆಯ ತುಂಬ ಮರಳು ದಿಬ್ಬ, ಒಂಟೆಗಳ ಸಾಲು, ಖರ್ಜೂರದ ಮರ. ಮೇಲಿನಿಂದ ಬಣ್ಣದ ಗಾಜಿನ ದೀಪ. ಗುಡಾರದ ಹಾಗೆ ಪರದೆ ಕಟ್ಟಿದ ಒಂದೊಂದು ಗೂಡಿನಲ್ಲಿ ಕೆಂಪು ಗಾದಿ, ಒರಗಲು ಲೋಡು. ಬಡಿಸುವವನಿಗೆ ಪಾದದ ತನಕ ಬಿಳಿ ಅಂಗಿ. ಮಾತು ನೋಡಿದರೆ ನಮ್ಮ ಕಡೆಯವನೇ. "ಚಪ್ಲಿ ಹೊರಗ ಬಿಡ್ರಿ ಅಕ್ಕಾರ" ಎಂದ. ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯ ಸಾಬರ ಮದುವೆಗಳಲ್ಲಿ ಊಟಕ್ಕೆಂದು ನೆಲಕ್ಕೆ ಹಾಸಿದ ದಸ್ತರ್‌ಖಾನಿನ ಮೇಲೆ ಒಂದು ತಾಟಿನ ಸುತ್ತ ನಾಲ್ವರು ಕೂತು ಉಣ್ಣುವುದನ್ನು ನಾನು ನೋಡುತ್ತಲೇ ಬೆಳೆದವಳು. ಅದಕ್ಕೆ ಒಂಟೆ ಬೇಕಾಗಿರಲಿಲ್ಲ. ಇಲ್ಲಿ ಒಂಟೆಯೂ ಬೇಕು, ಗುಡಾರವೂ ಬೇಕು, ಆಗ ಮಾತ್ರ ನಮ್ಮ ಜನ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತು ಸಂತೋಷಪಡುತ್ತಾರೆ. ಮನೆಯಲ್ಲಿ ಡೈನಿಂಗ್ ಟೇಬಲ್ ತಂದು ಇಟ್ಟುಕೊಂಡಿರುತ್ತಾರೆ.

ನಾನು ತಂಗಿಯ ಪಕ್ಕ ಕೂಡಬೇಕೆಂದು ಬಾಗಿಲಿನಿಂದಲೇ ಯೋಚಿಸಿದ್ದೆ. ಕೂತೆ ಕೂಡ. ಆದರೆ ಅವಳ ಇನ್ನೊಂದು ಪಕ್ಕಕ್ಕೆ ನೆಗೆಣ್ಣಿ ಕೂತಳು. ತಂಗಿಗೆ ಎರಡು ಪಕ್ಕ ಇವೆ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಮೊದಲು ಮಾಂಸದ ತಿಳಿ ಸೂಪು ಬಂತು. ಆಮೇಲೆ ಇಬ್ಬರು ಹಿಡಿದುಕೊಂಡು ಆ ತಾಟು ತಂದರು. ಉದ್ದುದ್ದ ಅಕ್ಕಿಯ ಅನ್ನ, ಅರ್ಧ ಹಳದಿ ಅರ್ಧ ಬಿಳಿ, ಮೇಲೆ ಸುಟ್ಟ ಕುರಿಮಾಂಸದ ದೊಡ್ಡ ತುಂಡುಗಳು, ಕರಿದ ಉಳ್ಳಾಗಡ್ಡಿ, ಒಣದ್ರಾಕ್ಷಿ. ನಡುವಿಗೆ ಇಟ್ಟರು. ಹಬೆ ಏಳುತ್ತಿತ್ತು. ನನಗೆ ಅದು ಮದುವೆಯ ಬುವ್ವದ ತಾಟಿನ ಹಾಗೆ ಕಂಡಿತು.

ಬುವ್ವ ಅಂದರೆ ನಮ್ಮ ಕಡೆ ಮದುವೆಯಲ್ಲಿ ಮದುಮಕ್ಕಳ ಜೊತೆ ಎರಡೂ ಬೀಗರ ಹೆಂಗಸರು ಒಂದೇ ಪರಾತದ ಸುತ್ತ ಕೂತು ಉಣ್ಣುವ ಊಟ. ಅನ್ನ, ಶಾವಿಗೆ, ಹೋಳಿಗೆ, ತುಪ್ಪ, ಹಾಲು ಎಲ್ಲ ಅದರಲ್ಲೇ. ಎರಡು ಮನೆ ಒಂದಾದವು ಎಂದು ತೋರಿಸುವುದು ಅದರ ಉದ್ದೇಶ. ಅಲ್ಲಿ ಕೈ ಹಾಕಲು ತಡ ಮಾಡಿದರೆ ಸಿಟ್ಟು ಬಂದಿದೆ ಎಂದು ತಿಳಿಯುತ್ತಾರೆ.

ನಾನು ತಡ ಮಾಡಲಿಲ್ಲ. ಕೈ ಹಾಕಿದೆ. ಒಂದು ತುತ್ತು ಕಲಸಿ ಬಾಯಿಗಿಟ್ಟು, ಅದೇ ಕೈಯನ್ನು ಮತ್ತೆ ತಾಟಿಗೆ ಹಾಕಿದೆ.

ತಲೆ ಎತ್ತಿದೆ. ಬಿಳಿ ಅಂಗಿಯವನು ಪರದೆ ಸರಿಸಿ, ಒಂದರ ಮೇಲೊಂದು ಜೋಡಿಸಿದ ಸಣ್ಣ ಪ್ಲೇಟುಗಳನ್ನು ಹಿಡಿದು ನಿಂತಿದ್ದ. ನೆಗೆಣ್ಣಿ ಒಳಗೆ ಬರುವಾಗಲೇ ಅವನಿಗೆ ಹೇಳಿದ್ದಳಂತೆ, ಎಲ್ಲರಿಗೂ ಬೇರೆ ಪ್ಲೇಟು ಕೊಡಿ, ದೊಡ್ಡದರಿಂದ ಚಮಚದಲ್ಲಿ ಬಡಿಸಿಕೊಳ್ಳುತ್ತೇವೆ ಎಂದು. ಅವರ ಕ್ಯಾಂಪಿನ ಮನೆಯಲ್ಲಿ ಊಟಕ್ಕೆ ಒಂದು ಕ್ರಮ ಇದೆ; ನಾನು ಉಂಡು ಬಂದಿದ್ದೇನೆ. ಮೊದಲು ಅನ್ನಕ್ಕೆ ಪುಡಿ, ತುಪ್ಪ, ಆಮೇಲೆ ಬೇಳೆ, ಆಮೇಲೆ ಹುಳಿ, ಕೊನೆಗೆ ಮೊಸರು. ಒಂದನ್ನೊಂದು ದಾಟುವ ಹಾಗಿಲ್ಲ. ಬಾಯಿಗೆ ಹೋದ ಕೈ ಪಾತ್ರೆಯ ಹತ್ತಿರ ಹೋಗುವ ಹಾಗಂತೂ ಇಲ್ಲವೇ ಇಲ್ಲ. ಉಣ್ಣುವವರೇ ಬಡಿಸಿಕೊಳ್ಳಬೇಕಾದರೆ ಎಡಗೈ. ಅವಳಿಗೆ ಆ ದೊಡ್ಡ ತಾಟು ಬಡಿಸುವ ಪಾತ್ರೆ. ನನಗೆ ಅದು ಉಣ್ಣುವ ತಾಟು. ಅರಬ್ಬರಿಗೆ ಅದು ಏನೋ, ಕೇಳಲು ಅಲ್ಲಿ ಒಂಟೆಗಳ ಹೊರತು ಯಾರೂ ಇರಲಿಲ್ಲ.

"ಅಯ್ಯೋ ಪರವಾಗಿಲ್ಲ ಅಕ್ಕಾ, ಪರವಾಗಿಲ್ಲ" ಎಂದು ಆಕೆ ಬೇಗ ಬೇಗ ಹೇಳಿದಳು. ಮುಖ ಕೆಂಪಾಗಿತ್ತು.

ಮೈದುನ ನಗೆಯಾಡಿದ: "ದೊಡ್ಡಕ್ಕಾರು ಸರಹದ್ದು ದಾಟ್ಯಾರ. ಇನ್ನ ಇದು ಅವರ ಸೀಮಿ."

"ಸೀಮಿ ಗೀಮಿ ಏನಿಲ್ಲ, ಆ ಕಡೆ ಬಾಜುದಿಂದ ತಗೊಳ್ರಿ" ಎಂದ ತಂಗಿಯ ಗಂಡ. ಅವನಿಗೆ ಹಸಿವಾಗಿತ್ತು. ನೆಗೆಣ್ಣಿ ಚಮಚ ಹಿಡಿದು, ನನ್ನ ಕೈ ಬಿದ್ದ ಜಾಗದಿಂದ ದೂರದ ಅಂಚಿನಿಂದ ಎಲ್ಲರಿಗೂ ಬಡಿಸತೊಡಗಿದಳು. ಬಹಳ ನಯವಾಗಿ. ಅನ್ನದ ನಡುವೆ ಒಂದು ಸಣ್ಣ ದಾರಿ ಬಿದ್ದಿತು, ಈ ಕಡೆ ನಾನು, ಆ ಕಡೆ ಉಳಿದವರು.

ನಾನು ಕಾದದ್ದು ತಂಗಿಯ ಕೈಗೆ. ಆಗ ಅವಳು ಏನು ಮಾಡಿದಳು ಎಂಬುದನ್ನು ಆ ದಿನದಿಂದ ಮೊನ್ನೆಯವರೆಗೆ ಎರಡು ರೀತಿ ನೆನಪಿಟ್ಟುಕೊಂಡಿದ್ದೆ. ಸಮಾಧಾನವಿದ್ದ ದಿನ ಅವಳು ನನ್ನ ಕಡೆಯಿಂದ ದೊಡ್ಡ ತಾಟಿಗೇ ಕೈ ಹಾಕಿ ಉಂಡಳು. ಬೇಸರದ ದಿನ ಅವಳು ಸುಮ್ಮನೆ ಸಣ್ಣ ಪ್ಲೇಟು ತೆಗೆದುಕೊಂಡಳು. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ ಎಂದು ಆಣೆ ಮಾಡಬಲ್ಲೆ. ಮೊನ್ನೆ ತಂಗಿಯ ಮಗಳು ಆ ದಿನದ ಫೋಟೊ ತೋರಿಸಿದಳು. ತಂಗಿಯ ಎಡಗೈಯಲ್ಲಿ ಸಣ್ಣ ಪ್ಲೇಟು ಇದೆ. ಬಲಗೈ ದೊಡ್ಡ ತಾಟಿನಲ್ಲಿ, ನನ್ನ ಕೈಯ ಪಕ್ಕವೇ ಇದೆ. ಅಂದರೆ ಅವಳು ನನ್ನ ಜಾಗದಿಂದ ಕೈಯಲ್ಲೇ ತೆಗೆದು, ತನ್ನ ಪ್ಲೇಟಿಗೆ ಹಾಕಿಕೊಂಡು ಉಂಡಿದ್ದಾಳೆ. ಎರಡು ಮನೆಯ ನಡುವೆ ಬದುಕುವವರು ಹೀಗೇ ಮಾಡುತ್ತಾರೆ. ನಾನು ಒಂದೇ ಮನೆಯವಳು, ನನಗೆ ಅದು ಹೊಳೆದಿರಲಿಲ್ಲ.

ಊಟದ ನಡುವೆ ಮಾತು ಮದುವೆಗೆ ಹೋಯಿತು. ಬುವ್ವಕ್ಕೆ ಯಾರು ಯಾರು ಕೂಡುವುದು ಎಂದು ಮಗಳು ಕೇಳಿದಳು. ತಂಗಿ "ನೋಡೋಣಂತ" ಎಂದು ಮೂಳೆ ಬಿಡಿಸತೊಡಗಿದಳು. ನಾನು ಆ "ನೋಡೋಣಂತ"ದ ಅರ್ಥ ಕೇಳಲಿಲ್ಲ.

ಯಾಕೆಂದರೆ ನನಗೆ ಗೊತ್ತಿತ್ತು. ಬುವ್ವಕ್ಕೆ ಮುತ್ತೈದೆಯರು ಕೂಡಬೇಕು. ಮದುವೆಯಾಗದವಳು ಮುತ್ತೈದೆಯಲ್ಲ. ಶಾಲೆಯಲ್ಲಿ ನಾನು ಇಂಥ ಪದ್ಧತಿಗಳ ವಿರುದ್ಧ ಮಾತಾಡುತ್ತೇನೆ. ಹೆಣ್ಣುಮಕ್ಕಳು ಬೆಂಚಿನ ಮೇಲೆ ಕೈ ಕಟ್ಟಿ ಕೇಳುತ್ತಾರೆ. ಆದರೆ ಆ ಗಾದಿಯ ಮೇಲೆ ಕೂತಾಗ ನನಗೆ ಪದ್ಧತಿಯ ಮೇಲೆ ಸಿಟ್ಟು ಬರಲಿಲ್ಲ. ನನಗೆ ಬೇಕಾಗಿದ್ದದ್ದು ಬಹಳ ಸಣ್ಣದು: ತಂಗಿ ನನಗಾಗಿ ಅದನ್ನು ಮುರಿಯಬೇಕು. ಮುರಿಯಲು ಆಗದಿದ್ದರೆ ನೆಗೆಣ್ಣಿಯನ್ನೂ ಕೂಡಿಸಬಾರದು. ಎರಡರಲ್ಲಿ ಯಾವುದಾದರೂ ನನಗೆ ಸಾಕಿತ್ತು.

ಮದುವೆಗೆ ಸ್ವಲ್ಪ ಮುಂಚೆ ತಂಗಿ ಮಸ್ಕಿಗೆ ಬಂದಳು. ಬಹಳ ದಿನಗಳ ಮೇಲೆ ನಾನು ಬಸ್ ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾದೆ. ಅವಳು ಇಳಿದಾಗ ಕೈಯಲ್ಲಿ ಸೀರೆಯ ಗಂಟು. ಅವ್ವ ಎಲ್ಲರ ಜಂಪರು ಹೊಲಿಯಬೇಕಿತ್ತು. ಮನೆಯಲ್ಲಿ ಗಂಟು ಬಿಚ್ಚಿ ಒಂದೊಂದೇ ಸೀರೆ ತೆಗೆದಳು. ಇದು ಬೀಗತಿಗೆ, ಇದು ಅತ್ತೆಗೆ, ಇದು ನಿನಗೆ. ನನ್ನದು ಎಲ್ಲಕ್ಕಿಂತ ಚೆನ್ನಾಗಿತ್ತು. ಆಗಲೇ ನನಗೆ ತಿಳಿಯಿತು.

"ಅಕ್ಕ, ಬುವ್ವಕ್ಕ ನೀ ಬಡಸಾಕ ನಿಂದ್ರು" ಎಂದಳು. "ನಿನ್ನ ಕೈ ಛಲೋ."

"ಕುಂದ್ರಾವ್ರು ಯಾರು?"

"ಅತ್ತಿ, ನಮ್ಮ ನಾದ್ನಿ, ನಾನು..." ಎಂದು ಸೀರೆಯ ಮಡಿಕೆ ಸರಿಮಾಡಿದಳು. "ಮತ್ತ ಇಕಿ."

"ಇಕಿ ಒಂದ ತಾಟಿನ್ಯಾಗ ಉಣ್ಣಾಂಗಿಲ್ಲಲ್ಲ? ನಾ ಕೈ ಹಾಕಿದ್ದಕ್ಕ ಆವತ್ತು ಹಾವು ಕಂಡಂಗ ಮಾಡಿದ್ಲು."

"ಉಣ್ತೀನಿ ಅಂದಾಳ."

"ಅಂದಾಳ ಅಂತ! ನೀ ಹೇಳಿದ್ದಕ್ಕ ಅಂದಾಳ."

"ಹೂಂ, ನಾ ಹೇಳಿದ್ದಕ್ಕ ಅಂದಾಳ. ಅದಕ್ಕೇನಾತು?"

ಅವ್ವ ಮಷೀನು ನಿಲ್ಲಿಸಿದಳು. "ನೀ ಹೆಂಗ ಕುಂದರ್ತಿಬೇ? ಮುತ್ತೈದೇರು ಕುಂದ್ರೋ ಜಾಗದಾಗ ನೀ ಕುಂತ್ರ ಬೀಗರು ಎದ್ದು ಹೋಗ್ತಾರ. ಹುಡುಗಿ ಬಾಳ್ವಿ ಮಾಡಬೇಕು ಆ ಮನ್ಯಾಗ." ಹೇಳಿ ಮತ್ತೆ ಮಷೀನು ತುಳಿಯತೊಡಗಿದಳು. ಅವ್ವನಿಗೆ ಯಾವುದನ್ನೂ ಸುತ್ತಿಬಳಸಿ ಹೇಳಿ ಗೊತ್ತಿಲ್ಲ.

ತಂಗಿ ನನ್ನ ಮುಖ ನೋಡಲಿಲ್ಲ. "ಜರಾ ಚಾ ಮಾಡ್ತೀನಿ" ಎಂದು ಒಳಗೆ ಹೋದಳು. ನಾನು ಸೀರೆ ಮಡಚಿ ಗಂಟಿನ ಮೇಲಿಟ್ಟೆ. ಬಣ್ಣ ನೇರಳೆ ಎಂದು ನೆನಪು. ಕಪಾಟಿನಲ್ಲಿ ಇದೆ, ಎದ್ದು ನೋಡಬಹುದು, ನೋಡುವುದಿಲ್ಲ.

ಮದುವೆ ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ. ಈಗಿನ ಮದುವೆಯ ಊಟದ ಹಾಲ್ ಅಂದರೆ ಒಂದು ಜಾತ್ರೆ ಹೋಟೆಲ್. ಒಂದು ಕಡೆ ಪಾನಿಪೂರಿ ಗಾಡಿ, ಅದಕ್ಕೆ ಬಣ್ಣದ ಛತ್ರಿ. ಒಂದು ಕಡೆ ಚೀನಾದ ಕೆಂಪು ಕಂದೀಲು ಕಟ್ಟಿ ನೂಡಲ್ಸ್. ಇನ್ನೊಂದು ಕಡೆ ಹುಲ್ಲಿನ ಗುಡಿಸಲು ಕಟ್ಟಿ, ಒಳಗೆ ಇಬ್ಬರು ಹೆಂಗಸರು ಕೂತು ರೊಟ್ಟಿ ಬಡಿಯುತ್ತಿದ್ದರು. ಅವರ ಸುತ್ತ ಫೋನು ಹಿಡಿದ ಜನ. ಮನೆಯಲ್ಲಿ ದಿನಾ ರೊಟ್ಟಿ ಬಡಿಯುವವರೇ ಬಗ್ಗಿ ವೀಡಿಯೊ ಮಾಡುತ್ತಿದ್ದರು. "ಟಪ್ ಟಪ್ ಅನ್ನೋದು ಬರಂಗ ತಗೀ" ಎಂದು ಒಬ್ಬಳು ಗಂಡನಿಗೆ ಹೇಳುತ್ತಿದ್ದಳು. ಜನ ಪ್ಲೇಟು ಹಿಡಿದು ನಿಂತು, ನಡೆಯುತ್ತ, ಒಬ್ಬರಿಗೊಬ್ಬರು ಮೊಣಕೈ ತಾಗಿಸುತ್ತ ಉಣ್ಣುತ್ತಿದ್ದರು. ಎಲ್ಲರ ಕೈಯಲ್ಲೂ ಅವರವರದೇ ಪ್ಲೇಟು. ಯಾರೂ ಯಾರ ಜೊತೆಯೂ ಉಣ್ಣುತ್ತಿರಲಿಲ್ಲ.

ಇದರ ನಡುವೆ ಒಂದು ಜಮಖಾನೆ ಹಾಸಿ ಬುವ್ವದ ಪರಾತ ಇಟ್ಟಿದ್ದರು. ಮೂರು ಕಡೆಯಿಂದ ದೀಪ ಹಚ್ಚಿದ್ದ ಫೋಟೊದವನಿಗೆ ಅದೂ ಒಂದು ಕೌಂಟರ್. ಮದುಮಕ್ಕಳು ಕೂತರು. ಬೀಗತಿ, ಅವರ ಕಡೆಯ ಹೆಂಗಸರು. ಈ ಕಡೆ ತಂಗಿಯ ಅತ್ತೆ, ನಾದಿನಿ, ತಂಗಿ. ತಂಗಿಯ ಎಡಕ್ಕೆ ನೆಗೆಣ್ಣಿ. ನಾನು ತುಪ್ಪದ ತಂಬಿಗೆ ಹಿಡಿದು ನಿಂತೆ.

ನಿಂತಲ್ಲಿಂದ ಎಲ್ಲ ಚೆನ್ನಾಗಿ ಕಾಣಿಸುತ್ತದೆ. ಅದು ಬಡಿಸುವವರ ಸೌಭಾಗ್ಯ. ಆಕೆ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈಯನ್ನು ಮೊಣಕಾಲ ಮೇಲೆ ಮುಷ್ಟಿ ಕಟ್ಟಿ ಇಟ್ಟಿದ್ದಳು. ಬೇರೆಯವರೆಲ್ಲ ಕೈ ಹಾಕಿ ಶಾವಿಗೆ ಕಲಸುತ್ತಿದ್ದರು, ಹೋಳಿಗೆ ಮುರಿಯುತ್ತಿದ್ದರು, ಬೆರಳು ನೆಕ್ಕಿ ಮತ್ತೆ ಕೈ ಹಾಕುತ್ತಿದ್ದರು. ಬೀಗತಿ ನಗುತ್ತ ತನ್ನ ಕೈಯಿಂದ ಕಲಸಿದ ಅನ್ನವನ್ನು ನಡುವಿಗೆ ತಳ್ಳಿದಳು. ಆಕೆಯ ಮುಷ್ಟಿ ಬಿಚ್ಚಲಿಲ್ಲ. ಬಿಚ್ಚದಿರಲಿ ಎಂದು ನಾನು ಬಯಸಿದೆ. ಎದ್ದು ಹೋಗಲಿ ಎಂದು ಬಯಸಿದೆ. ಬೀಗರು ನೋಡಲಿ, ತಂಗಿ ನೋಡಲಿ, ಮುಂದೆ ವರ್ಷಗಟ್ಟಲೆ ಮಾತಾಗಲಿ.

ನಾನು ತುಪ್ಪ ಹಾಕುತ್ತ ನೆಗೆಣ್ಣಿಯ ಹಿಂದೆ ಬಂದಾಗ ಅವಳು ತಲೆ ಹಿಂದಕ್ಕೆ ವಾಲಿಸಿ ಮೆಲ್ಲಗೆ ಕೇಳಿದಳು.

"ಅಕ್ಕಾ, ಯಾವ ಕಡೆಯಿಂದ ತಿನ್ನಬೇಕು?"

ಈ ಸಲ "ಅಕ್ಕಾ" ಅಂದದ್ದು ನನಗೆ. ಅವಳ ಹಣೆಯಲ್ಲಿ ಬೆವರು ಇತ್ತು. ನನ್ನ ಹೊರತು ಅವಳಿಗೆ ಅಲ್ಲಿ ಕೇಳಲು ಯಾರೂ ಇರಲಿಲ್ಲ. ತಂಗಿಯನ್ನು ಕೇಳಿದರೆ ಅತ್ತೆಗೆ ಕೇಳಿಸುತ್ತಿತ್ತು.

"ನಿನ್ನ ಮುಂದಿಂದು ನಿಂದು" ಎಂದೆ. "ಹಾಲು ಹಾಕಿದ್ದು ನಡುವಿಂದು, ಅದು ಎಲ್ಲಾರ್ದು. ಒಂದು ತುತ್ತು ಅದರಾಗಿಂದ ತಗೊಂಡ್ರ ಸಾಕು. ಅಷ್ಟೇ ನೋಡ್ತಾರ."

ಹೀಗೆ ಹೇಳಿದೆನೋ, ಇನ್ನೂ ಚಿಕ್ಕದಾಗಿ ಹೇಳಿದೆನೋ. ಮಾತು ಇಷ್ಟು ಜೋಡಣೆಯಾಗಿ ಬಂದಿರಲಾರದು. ಸರಿಯಾದದ್ದನ್ನೇ ಹೇಳಿದೆ ಎಂಬುದು ಮಾತ್ರ ಗೊತ್ತು, ಯಾಕೆಂದರೆ ಅವಳು ಹಾಗೇ ಮಾಡಿದಳು. ಮುಷ್ಟಿ ಬಿಚ್ಚಿ, ಎಲ್ಲರ ಕೈ ಬಿದ್ದು ಹಾಲಿನಲ್ಲಿ ಮುದ್ದೆಯಾದ ನಡುವಿನ ಅನ್ನಕ್ಕೆ ಬೆರಳು ಹಾಕಿದಳು. ತುತ್ತು ದೊಡ್ಡದೇ ತೆಗೆದುಕೊಂಡಳು. ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಗಂಟಲು ಒಂದು ಸಲ ಏರಿ ಇಳಿಯಿತು. ಕಣ್ಣು ತೆರೆದಾಗ ನೀರಿತ್ತು.

ತಂಗಿ ಅದನ್ನು ನೋಡಿದಳು. ತನ್ನ ಕೈಯಿಂದ ಒಂದು ತುತ್ತು ಮಾಡಿ ಆಕೆಯ ಬಾಯಿಗೆ ಹಿಡಿದಳು. "ಆಂ ಅನ್ನು" ಎಂದಳು, ಮಗುವಿಗೆ ಹೇಳುವ ಹಾಗೆ. ಆಕೆ ಬಾಯಿ ತೆರೆದಳು.

"ಅಕ್ಕಾರ, ಬರಲಿಲ್ಲ, ಇನ್ನೊಮ್ಮೆ ಹಾಕ್ರಿ" ಎಂದ ಫೋಟೊದವನು. "ಇಬ್ರೂ ಜರಾ ಈ ಕಡೆ ತಿರುಗ್ರಿ."

ಇನ್ನೊಮ್ಮೆ ಹಾಕಿದಳು. ಆಕೆ ಇನ್ನೊಮ್ಮೆ ತಿಂದಳು. ಈಗ ಆಲ್ಬಮ್ಮಿನಲ್ಲಿರುವುದು ಎರಡನೆಯದು. ಮೊದಲನೆಯದನ್ನು ನೋಡಿದವಳು ನಾನು.

ಇಷ್ಟು ದಿನ ನಾನು ನನ್ನ ಹೊಟ್ಟೆಕಿಚ್ಚಿಗೆ ಒಂದು ಆಧಾರ ಇಟ್ಟುಕೊಂಡಿದ್ದೆ: ಆಕೆಗೆ ನನ್ನ ತಂಗಿಯ ತಾಟಿನ ಬೆಲೆ ಗೊತ್ತಿಲ್ಲ, ನನಗೆ ಗೊತ್ತು. ನಾನಾಗಿದ್ದರೆ ಆ ಪರಾತಕ್ಕೆ ಹಸಿದು ಕೈ ಹಾಕುತ್ತಿದ್ದೆ. ಅವಳು ಹೇಸಿಕೊಂಡು ಕೈ ಹಾಕಿದಳು, ತಂಗಿ ಹೇಳಿದ್ದಕ್ಕೆ ಹಾಕಿದಳು. ನನಗೆ ಸುಲಭವಾದದ್ದು ಅವಳಿಗೆ ಅಷ್ಟು ಕಷ್ಟವಾಯಿತು, ಆ ಕಷ್ಟವನ್ನು ತಂಗಿ ಕಣ್ಣಾರೆ ಕಂಡಳು. ನಾನು ನನ್ನ ತಂಗಿಗಾಗಿ ಇಷ್ಟು ಕಷ್ಟದ್ದೇನನ್ನೂ ನುಂಗಿರಲಿಲ್ಲ. ತುಪ್ಪದ ತಂಬಿಗೆ ಹಿಡಿದು ನಿಂತಾಗ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ. ಅದಕ್ಕೆ ಈಗ ಕಾರಣ ಸಿಕ್ಕಿತ್ತು, ಅಷ್ಟೇ.

ತಂಗಿ ಕತ್ತೆತ್ತಿದಳು. "ಅಕ್ಕ, ಇಕಿ ಕಡೆ ಇನ್ನಷ್ಟು ತುಪ್ಪ ಹಾಕು. ಅಂದ್ರ ಇಳೀತೈತಿ."

ಹಾಕಿದೆ. ಆಕೆ "ಸಾಕು ಅಕ್ಕಾ, ಸಾಕು" ಎಂದು ಎಡಗೈ ಅಡ್ಡ ಹಿಡಿದಳು. ನಮ್ಮ ಕಡೆ ಬಡಿಸುವವರು ಸಾಕು ಅಂದ ಕೂಡಲೇ ನಿಲ್ಲುವುದಿಲ್ಲ. ನಿಲ್ಲಿಸಿದರೆ ಉಣ್ಣುವವರಿಗೆ ಅವಮಾನ. ನಾನು ಅವಳ ಕೈಯನ್ನು ಮೆಲ್ಲಗೆ ಸರಿಸಿ, ಅವಳ ಮುಂದಿನ ಅನ್ನದ ಮೇಲೆ ತುಪ್ಪ ಕೆರೆಯಾಗಿ ನಿಲ್ಲುವ ತನಕ ಹಾಕಿದೆ. ಅತ್ತೆ ಮೆಚ್ಚುಗೆಯಿಂದ ತಲೆ ಆಡಿಸಿದಳು. ತಂಗಿ ನನ್ನನ್ನು ನೋಡಿದಳು, ಅವಳಿಗೆ ಎಲ್ಲ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

ಆಕೆ ಅಷ್ಟನ್ನೂ ಉಂಡಳು.